ಅಂಡಮಾನಿಗೆ ಹೊರಟವರು

ಅಂಡಮಾನಿಗೆ ಹೋಗುವ ಮಾತನ್ನು ಮೊದಲು ಎತ್ತಿದವಳು ಮಾಲಿನಿ. ತಿಂಗಳು ಕಳೆಯುವಷ್ಟರಲ್ಲಿ ಅದು ಅವಳ ಮಾತೆಂಬುದನ್ನು ಎಲ್ಲರೂ ಮರೆತುಬಿಟ್ಟಿದ್ದರು.

ಅವಳು ಕುಮಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಖಾಲಿ ಹೊಟ್ಟೆಯ ಜನ ಬೆಳ್ಳಂಬೆಳಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿರುತ್ತಾರೆಂದು ಹಳದೀಪುರದಿಂದ ಮೊದಲ ಬಸ್ಸಿಗೇ ಹೊರಡಬೇಕಿತ್ತು. ಮದುವೆಯಾದ ಮೇಲೆ ಅವಳು ಮಾಡಿದ ಪ್ರಯಾಣಗಳೆಲ್ಲ ಯಾರದೋ ಮದುವೆಗೆ, ಯಾರದೋ ಹರಕೆಗೆ, ಇಲ್ಲವೇ ಯಾರನ್ನೋ ಮಂಗಳೂರಿನ ಆಸ್ಪತ್ರೆಗೆ ತೋರಿಸಲಿಕ್ಕೆ. ಯಾವ ಕಾರಣವೂ ಇಲ್ಲದೆ ಎಲ್ಲಿಗಾದರೂ ಹೋಗಿ ನಾಲ್ಕು ದಿನ ಇದ್ದು ಬರಬೇಕು ಅನ್ನುವ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಆಗಸ್ಟಿನಲ್ಲಿ ಲ್ಯಾಬಿಗೆ ಬಂದ ಒಬ್ಬ ಹೆಂಗಸು, ಸೂಜಿ ನೋಡಲಾರದೆ ಮುಖ ಆಚೆ ತಿರುಗಿಸಿಕೊಂಡು, ತಾನು ಅಂಡಮಾನಿಗೆ ಹೋಗಿ ಬಂದದ್ದನ್ನು ಹೇಳಿದಳು. ಅಲ್ಲಿ ಕುತ್ತಿಗೆಯವರೆಗೆ ನೀರಲ್ಲಿ ನಿಂತರೂ ನಮ್ಮ ಕಾಲಿನ ಉಗುರು ನಮಗೆ ಕಾಣುತ್ತದಂತೆ. ಆ ಉಗುರಿನ ಮಾತು ಮಾಲಿನಿಯ ತಲೆಯಿಂದ ಹೋಗಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು. "ಡಿಸೆಂಬರಲ್ಲಿ ಅಂಕಿತಾಗೆ ಕಾಲೇಜಿಗೆ ರಜೆ ಅದೆ. ಮನೆಯವರೆಲ್ಲ ಸೇರಿ ಅಂಡಮಾನಿಗೆ ಹೋಗಿ ಬರುವನಾ?"

"ಆತು," ಎಂದ ವಿನೋದ, ಬಂಗಡೆಯ ಮುಳ್ಳು ಬಿಡಿಸುತ್ತ.

ಹೊನ್ನಾವರದಲ್ಲಿ ಅವನದು ಸುಟ್ಟುಹೋದ ಪಂಪುಗಳಿಗೆ ತಂತಿ ಸುತ್ತುವ ಅಂಗಡಿ. ಮನೆಗೆ ಬಂದ ಮೇಲೆ ಹೇಳಿದ್ದಕ್ಕೆಲ್ಲ ಅವನು ಆತು ಎನ್ನುತ್ತಿದ್ದ. ಹಾಗೆಂದರೆ ಮಾತು ಕಿವಿಗೆ ಬಿತ್ತು ಎಂದಷ್ಟೇ ಲೆಕ್ಕ. ಇದು ಮಾಲಿನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಸಲ ನಂಬಿದಳು.

ವಿನೋದ ಮಾಡಿದ ಒಂದೇ ಕೆಲಸವೆಂದರೆ ಭಟ್ಕಳದಲ್ಲಿದ್ದ ತಂಗಿ ಸುಚಿತಾಗೆ ಫೋನಿನಲ್ಲಿ ವಿಷಯ ಹೇಳಿದ್ದು. ಸುಚಿತಾ ತನ್ನ ಗಂಡ ಹರಿಹರನಿಗೆ ಹೇಳಿದಳು. ಅಲ್ಲಿಗೆ ಪ್ರವಾಸ ಹರಿಹರನದಾಯಿತು. ಭಟ್ಕಳದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನು ಹಿಂದೊಮ್ಮೆ ಯಾರದೋ ಜತೆ ದುಬೈಗೆ ಹೋಗಿ ಎರಡು ವಾರ ಇದ್ದು ಬಂದಿದ್ದ. ಆವತ್ತಿನಿಂದ ಎರಡೂ ಕಡೆಯ ಕುಟುಂಬಗಳಲ್ಲಿ ವಿಮಾನ, ಹೋಟೆಲು, ಸೂಟ್‌ಕೇಸು ಇವುಗಳ ಬಗ್ಗೆ ಕೊನೆಯ ಮಾತು ಅವನದೇ. ಮರುದಿನವೇ ವಾಟ್ಸಾಪಿನಲ್ಲಿ ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದ.

"ತಂಗೀ, ಅಂಡಮಾನು ಎಂತಕೆ? ಲಕ್ಷದ್ವೀಪ ಹತ್ರ," ಎಂದು ಮಾಲಿನಿಗೆ ಫೋನು ಮಾಡಿದ. ಲಕ್ಷದ್ವೀಪಕ್ಕೆ ಪರವಾನಗಿ ಬೇಕೆಂದು ಗೊತ್ತಾದಾಗ ಮಾಲ್ದೀವ್ಸ್ ಎಂದ. ಮಾಲ್ದೀವ್ಸಿಗೆ ಪಾಸ್‌ಪೋರ್ಟ್ ಬೇಕು, ಅದು ಇದ್ದದ್ದು ಅವನೊಬ್ಬನಿಗೆ. ಆಮೇಲೆ ಮಾರಿಷಸ್ ಎಂದ. ಅದಕ್ಕೂ ಪಾಸ್‌ಪೋರ್ಟ್ ಬೇಕಲ್ಲ ಎಂದು ಮಾಲಿನಿ ಹೇಳಿದರೆ, "ಹೌದು, ಆದ್ರೆ ಅಲ್ಲಿ ನಮ್ಮ ಜನ ಬಾಳ ಇದ್ದಾರೆ," ಎಂದ. ವಾರಕ್ಕೊಂದು ದ್ವೀಪ ಬಂದು ಹೋಯಿತು. ಗ್ರೂಪಿನ ತುಂಬ ನೀಲಿ ನೀರಿನ ಫೋಟೋಗಳು, ತೆಂಗಿನ ಮರಕ್ಕೆ ಕಟ್ಟಿದ ಜೋಲಿಗಳು. ಮಾಲಿನಿ ಬಸ್ಸಿನಲ್ಲಿ ಕೂತು ನೋಡುತ್ತ, ಇವುಗಳಲ್ಲಿ ಯಾವುದು ಯಾವ ದೇಶದ್ದು ಎಂದೇ ತಿಳಿಯದೆ ಫೋನು ಚೀಲಕ್ಕೆ ಹಾಕುತ್ತಿದ್ದಳು.

ಅಕ್ಟೋಬರಿನ ಒಂದು ಭಾನುವಾರ ಹರಿಹರ ಮತ್ತು ಸುಚಿತಾ ಕಾರಿನಲ್ಲಿ ಹಳದೀಪುರಕ್ಕೆ ಬಂದರು. ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬರುವುದೆಂದು ಹರಿಹರನೇ ಹೇಳಿದ್ದ. ಜಗಲಿಯಲ್ಲಿ ಮೀಟಿಂಗು ನಡೆದರೆ ಮಾಲಿನಿ ಒಳಗೆ ಕೋಳಿ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಮಿಕ್ಸಿಯ ಸದ್ದಿನಲ್ಲಿ ಒಂದು ಮಾತು ಕೇಳಿದರೆ ಇನ್ನೊಂದು ಕೇಳುತ್ತಿರಲಿಲ್ಲ. ತನ್ನ ಪ್ರವಾಸದ ಮಾತಿಗೆ ತಾನೇ ಇಲ್ಲವಲ್ಲ ಎಂದು ಅವಳು ಎರಡು ಸಲ ಒಲೆ ಸಣ್ಣಗೆ ಮಾಡಿ ಹೊರಗೆ ಬಂದಳು.

ಮೊದಲ ಸಲ ಬಂದಾಗ ಮಾವ ದುರ್ಗಪ್ಪ ಮಾತಾಡುತ್ತಿದ್ದರು. "ಸಮುದ್ರ ನೋಡೂಕೆ ಅಷ್ಟು ದೂರ ಎಂತಕೆ ಹೋಗ್ಬೇಕು? ಗದ್ದೆ ದಾಟಿ ಸ್ವಲ್ಪ ನಡೆದ್ರೆ ಅದೆಯಲ್ಲ."

"ನೀವು ಆ ಸಮುದ್ರಕ್ಕೆ ಹೋದದ್ದು ಯಾವಾಗ ಮಾವ?" ಎಂದು ಮಾಲಿನಿ ಕೇಳಿದಳು.

ದುರ್ಗಪ್ಪ ನೆನಪು ಮಾಡಿಕೊಂಡರು. "ತಮ್ಮನ ಬೂದಿ ಬಿಡೂಕೆ ಹೋಗಿದ್ದೆ."

ಎರಡನೆಯ ಸಲ ಬಂದಾಗ ತಾರೀಕಿನ ಮಾತು ನಡೆದಿತ್ತು. ಡಿಸೆಂಬರಿನಲ್ಲಿ ಗಲ್ಫಿನವರು ಮದುವೆಗಳಿಗೆ ಊರಿಗೆ ಬರುತ್ತಾರೆ, ಅಂಗಡಿ ಬಿಟ್ಟು ಬರಲಾಗದು ಎಂದ ಹರಿಹರ. ಅದು ಮುಗಿದರೆ ರಂಜಾನಿನ ವ್ಯಾಪಾರ. ಜನವರಿ ಕಳೆದರೆ ತೋಟದ ಪಂಪುಗಳು ಒಂದೊಂದಾಗಿ ಸುಡುತ್ತವೆ, ಮಳೆ ಬೀಳುವವರೆಗೆ ತಲೆ ಎತ್ತಲಿಕ್ಕಿಲ್ಲ ಎಂದ ವಿನೋದ. ನವೆಂಬರಿನಲ್ಲಿ ಮಗನ ಟ್ಯೂಶನ್ ತಪ್ಪುತ್ತದೆ ಎಂದಳು ಸುಚಿತಾ.

"ಹಂಗಾದ್ರೆ ಜುಲೈ," ಎಂದರು ದುರ್ಗಪ್ಪ. "ಆಗ ಯಾರಿಗೂ ಕೆಲಸ ಇರೂದಿಲ್ಲ."

"ಜುಲೈಯಲ್ಲಿ ಅಲ್ಲಿಯೂ ಮಳೆ ಅಜ್ಜ. ಬೋಟ್ ಬಿಡೂದಿಲ್ಲ," ಎಂದಳು ಮಗಳು ಅಂಕಿತಾ, ಫೋನಿನಿಂದ ತಲೆ ಎತ್ತದೆ.

"ಬೋಟ್ ಬೇಡ. ರೂಮಲ್ಲಿ ಕೂತ್ರೆ ಆತು."

ಅತ್ತೆ ಗಣಪಿ ಮೆಟ್ಟಿಲ ಮೇಲೆ ಕೂತು ತೆಂಗಿನ ಗರಿ ಸೀಳಿ ಕಸ ಗುಡಿಸುವ ಹಿಡಿಗೆ ಕಡ್ಡಿ ತೆಗೆಯುತ್ತಿದ್ದರು. ಅವರು ಬಾಯಿ ಬಿಡಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ಊಟವಾಗಿ ಎಲೆ ಅಡಿಕೆ ಆದ ಮೇಲೆ ಹರಿಹರ ಕಾರಿನ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ಎದ್ದ.

"ಎಲ್ಲ ಸರಿ ಆತು. ಇನ್ನು ತಾರೀಕೊಂದೇ ಬಾಕಿ."

"ಊರು?" ಎಂದಳು ಮಾಲಿನಿ.

"ಊರೂ ಬಾಕಿ," ಎಂದ ಹರಿಹರ, ಸ್ವಲ್ಪವೂ ಮುಜುಗರವಿಲ್ಲದೆ.

ಆ ರಾಶಿ ಪಾತ್ರೆ ತಿಕ್ಕುವಾಗಲೇ ಮಾಲಿನಿ ಮನಸ್ಸು ಮಾಡಿದಳು. ಮರುದಿನ ಸಂಜೆ ಕುಮಟೆಯಿಂದ ಬರುವಾಗ ಹಳದೀಪುರದಲ್ಲಿ ಇಳಿಯದೆ ಸೀದಾ ಹೊನ್ನಾವರಕ್ಕೆ ಹೋದಳು. ಅಲ್ಲಿ ವಿನೋದನ ಅಂಗಡಿಗೂ ಹೋಗಲಿಲ್ಲ. ಒಂದು ಟ್ರಾವೆಲ್ಸಿನ ಮೆಟ್ಟಿಲು ಹತ್ತಿ, ಅಲ್ಲಿ ಕೂತಿದ್ದ ರೂಪಾ ಎಂಬ ಹುಡುಗಿಯ ಎದುರು ಚೀಲ ಇಟ್ಟು, "ಅಂಡಮಾನು. ಡಿಸೆಂಬರ್. ಐದು ಜನ," ಎಂದಳು.

"ಮನೆಯಲ್ಲಿ ಒಂದ್ಸಲ ಕೇಳ್ಕಂಡು ಬತ್ರಾ ಅಕ್ಕ?" ಎಂದಳು ರೂಪಾ. "ಆಮೇಲೆ ಕ್ಯಾನ್ಸಲ್ ಮಾಡ್ಸೂದು ಕಷ್ಟ."

"ಮನೆಯಲ್ಲಿ ಕೇಳಿಯೇ ಇಷ್ಟು ದಿನ ಆದದ್ದು," ಎಂದಳು ಮಾಲಿನಿ.

ಲ್ಯಾಬಿನ ಡಾಕ್ಟರ ಹತ್ತಿರ ರಜೆ ಕೇಳುವುದು ಇದಕ್ಕಿಂತ ಕಷ್ಟವಾದೀತೆಂದು ಅಂದುಕೊಂಡಿದ್ದಳು. ಡಾಕ್ಟರು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ, "ಬರುವಾಗ ಏನಾದ್ರೂ ತಿನ್ನೂಕೆ ತನ್ನಿ," ಎಂದರು. ಅಷ್ಟಕ್ಕೇ ಮುಗಿಯಿತು.

ಮನೆಯ ಐದು ಜನರಿಗೆ ಟಿಕೆಟು ಆಗಿದೆ, ನಿಮ್ಮದನ್ನು ಅದೇ ವಿಮಾನಕ್ಕೆ ಮಾಡಿಸಿಕೊಳ್ಳಿ ಎಂದು ಮಾಲಿನಿ ಗ್ರೂಪಿನಲ್ಲಿ ಹಾಕಿದಳು. ಅರ್ಧ ದಿನ ಬಿಟ್ಟು ಹರಿಹರನ ವಾಯ್ಸ್ ಮೆಸೇಜು ಬಂತು. ನನ್ನ ಒಂದು ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ, ಆ ಹೋಟೆಲಿನ ಕೋಣೆಗೆ ಸಮುದ್ರ ಕಾಣುವುದಿಲ್ಲ, ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ಅಷ್ಟು ಹೊತ್ತು ಕಾಯುವವರು ಯಾರು, ದುಬೈಯಲ್ಲಾದರೆ ಹೀಗೆ ಯಾರೂ ಮಾಡುವುದಿಲ್ಲ. ಅಷ್ಟು ಹೇಳಿ ಅವನು ಗ್ರೂಪಿನಿಂದ ಹೊರಗೆ ಹೋದ. ಮರುದಿನ ಸುಚಿತಾ ಅವನನ್ನು ಮತ್ತೆ ಸೇರಿಸಿ, "ಇವರಿಗೆ ಬೇಜಾರಾಗ್ಯದೆ ಅತ್ತಿಗೆ. ನಾವು ಮುಂದಿನ ವರ್ಷ ಬತ್ತೆವು," ಎಂದು ಬರೆದಳು. ಈ ವರ್ಷದ್ದೇ ಮುಗಿದಿಲ್ಲ, ಆಗಲೇ ಮುಂದಿನ ವರ್ಷಕ್ಕೆ ಬರುತ್ತಾರಂತೆ ಎಂದು ಮಾಲಿನಿ ಹಲ್ಲು ಕಚ್ಚಿಕೊಂಡು, ಕೈ ಮುಗಿದ ಒಂದು ಚಿತ್ರ ಕಳಿಸಿದಳು.

ಇಷ್ಟಾದರೂ ಐದು ಜನ ಉಳಿದಿದ್ದರು. ಮುಂದಿನದು ದುರ್ಗಪ್ಪನವರ ಸರದಿ. ಕೊಟ್ಟಿಗೆಯಿಂದ ಬರುತ್ತ, ತಾನು ಬರುವ ಹಾಗಿಲ್ಲ, ದನ ಗಬ್ಬ ಎಂದರು.

"ಅದಕ್ಕೆ ಫೆಬ್ರವರಿ ಅಂತ ಡಾಕ್ಟ್ರು ಹೇಳಿದ್ದಾರಲ್ಲ ಮಾವ. ನಾವು ಹೋಗೂದು ಡಿಸೆಂಬರಲ್ಲಿ."

"ದನಕ್ಕೆ ಕ್ಯಾಲೆಂಡರ್ ಓದೂಕೆ ಬತ್ತದ್ಯಾ?"

ಅವರು ಅಷ್ಟು ಹೇಳಿ ಕಾಲು ತೊಳೆಯಲು ಹೋದರು. ಅವರಿಗೆ ವಿಮಾನದ ಭಯ ಎಂದು ಅಂಕಿತಾ ಪಿಸುಗುಟ್ಟಿದಳು. ಟಿವಿಯಲ್ಲಿ ವಿಮಾನ ಮೇಲೇಳುವುದು ಬಂದರೆ ಅಜ್ಜ ಚಾನೆಲ್ ಬದಲಿಸುತ್ತಾರೆ ಎಂದಳು. ಅದನ್ನು ಬಾಯಿ ಬಿಟ್ಟು ಹೇಳಿದ್ದರೆ ಮಾಲಿನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹೊರಡಲು ವಾರವಿದೆ ಅನ್ನುವಾಗ ವಿನೋದ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡ. ಸುತ್ತಲಿನ ಊರುಗಳ ಕುಡಿಯುವ ನೀರಿನ ಪಂಪುಗಳನ್ನೆಲ್ಲ ಬೇಸಿಗೆಗೆ ಮುಂಚೆ ಸರಿಮಾಡಿಕೊಡುವ ಕೆಲಸ ಸಿಕ್ಕಿದೆ, ಬಿಡುವ ಹಾಗಿಲ್ಲ.

ಮಾಲಿನಿ ಸೌಟು ಪಾತ್ರೆಯಲ್ಲೇ ಬಿಟ್ಟಳು. "ಈ ತಾರೀಕು ನಿಮಗೆ ಎರಡು ತಿಂಗಳಿಂದ ಗೊತ್ತಿತ್ತಲ್ಲ."

"ಗೊತ್ತಿತ್ತು."

"ಮತ್ತೆ ಆಗ ಎಂತಕೆ ಆತು ಅಂದ್ರಿ?"

"ನೀನು ನಿಜವಾಗೂ ಹೊರಡ್ತಿ ಅಂತ ನಂಗೆ ಎಂತ ಗೊತ್ತು?" ಎಂದ ವಿನೋದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು.

ಅವಳು ಕೈ ತೊಳೆದು ಬಂದು ಗೋಡೆಗೆ ಒರಗಿ ನಿಂತಳು. ಕೂಗಿದರೆ ಅಳು ಬರುತ್ತದೆಂದು ಸಣ್ಣ ದನಿಯಲ್ಲೇ ಮಾತಾಡಿದಳು. "ಆತು. ದನ ಕರು ಹಾಕ್ಲಿ, ಪಂಪು ನೀರು ಬಿಡ್ಲಿ, ಹರಿಹರಣ್ಣ ದುಬೈಗೇ ಹೋಗ್ಲಿ. ನಾಳೆ ಹೊನ್ನಾವರಕ್ಕೆ ಹೋಗಿ ಐದೂ ಟಿಕೆಟು ಕ್ಯಾನ್ಸಲ್ ಮಾಡ್ಸಿ ಬತ್ತೆ. ಇನ್ನು ಈ ಮನೆಯಲ್ಲಿ ಯಾರೂ ನನ್ನೆದುರು ಸಮುದ್ರದ ಹೆಸ್ರು ಎತ್ಬೇಡಿ."

"ನಂದು ಕ್ಯಾನ್ಸಲ್ ಮಾಡ್ಸ್ಬೇಡ," ಎಂದರು ಗಣಪಿ.

ಅವರು ಮೂಲೆಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದರು. ಎಲ್ಲರೂ ಅತ್ತ ತಿರುಗಿದರು.

"ನೀ ಎಂತಕೆ ಹೋಗ್ತಿ?" ಎಂದರು ದುರ್ಗಪ್ಪ. "ನಿಂಗೆ ಅಲ್ಲಿ ಎಂತ ಕೆಲಸ ಅದೆ?"

"ಕೆಲಸ ಇಲ್ಲ. ಅದಕ್ಕೇ."

ಗಣಪಿ ತಟ್ಟೆಯಲ್ಲಿ ಉಳಿದ ತಿಳಿಯನ್ನು ಕುಡಿದು, ತಟ್ಟೆ ಬದಿಗಿಟ್ಟರು. "ನಾ ಕಾಗಾಲಲ್ಲಿ ಹುಟ್ಟಿದವಳು. ಹೊಳೆ ನೀರು ಇಳಿದಾಗೆಲ್ಲ ಬಳಚು ಚಿಪ್ಪಿ ಆರಿಸೂಕೆ ಹೋಗ್ತಿದ್ದೆವು. ಸೊಂಟದವರೆಗೆ ಕೆಸರು, ಬೆನ್ನು ಬಗ್ಗಿಸಿದ್ರೆ ಬುಟ್ಟಿ ತುಂಬೂವರೆಗೆ ಎತ್ತೂಕಿಲ್ಲ. ಇಲ್ಲಿಗೆ ಬಂದ್ಮೇಲೆ ಸಮುದ್ರದ ಕಡೆ ಹೋದದ್ದೆಲ್ಲ ಗದ್ದೆಗೆ ಮೀನು ಗೊಬ್ಬರ ತರೂಕೆ. ಸುಮ್ನೆ ನೀರಲ್ಲಿ ಕೂತದ್ದೇ ಇಲ್ಲ ನಾನು."

"ಅಷ್ಟೇ ಆದ್ರೆ ಇಲ್ಲೇ ಕೂರು. ನಾಳೆಯೇ ಕರ್ಕಂಡು ಹೋಗ್ತೆ," ಎಂದ ವಿನೋದ.

"ಇಲ್ಲಿ ಕೂತ್ರೆ ಊರವರೆಲ್ಲ ಬಂದು ಎಂತ ಆತು ಅಂತ ಕೇಳ್ತ್ರು. ಗಣಪಿಗೆ ತಲೆ ಸರಿ ಇಲ್ಲ ಅಂತ ಹೇಳ್ತ್ರು. ಅಲ್ಲಿ ನನ್ನ ಗುರ್ತು ಯಾರಿಗೆ ಅದೆ?"

ಮಾಲಿನಿ ಗೋಡೆ ಬಿಟ್ಟು ಅತ್ತೆಯ ಎದುರು ಬಂದು ಕೂತಳು. "ಇದನ್ನು ಮೊದ್ಲೇ ಹೇಳೂಕೆ ಆಗ್ತಿರ್ಲಿಲ್ವಾ ಅತ್ತೆ?"

"ಯಾರು ಕೇಳಿದ್ರಿ?"

ಅದು ನಿಜವಾಗಿತ್ತು. ಎಲ್ಲರನ್ನೂ ಕೇಳಿ ಕೇಳಿ ಸಾಕಾಯಿತೆಂದು ಇಷ್ಟು ದಿನ ಗೊಣಗಿದ ಮಾಲಿನಿ, ಈ ಒಬ್ಬರನ್ನು ಮಾತ್ರ ಕೇಳಿರಲಿಲ್ಲ. ಅತ್ತೆ ಬೇಡವೆಂದೇ ಹೇಳುತ್ತಾರೆ, ಕೊನೆಗೆ ಒತ್ತಾಯ ಮಾಡಿ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದಳು. ನಾಚಿಕೆಯೂ ಆಯಿತು. ಅದರ ಜತೆಗೆ, ಇವರೊಬ್ಬರು ಆಗಲೇ ಬಾಯಿ ಬಿಟ್ಟಿದ್ದರೆ ತನಗೆ ಎಷ್ಟು ಬಲ ಬರುತ್ತಿತ್ತು ಎಂದು ಮತ್ತೆ ಸಿಟ್ಟೂ ಬಂತು.

"ನಾವಿಬ್ರು ಗಂಡಸ್ರು ಎಂತ ತಿನ್ನೂದು?" ಎಂದು ದುರ್ಗಪ್ಪ ಕೊನೆಯ ಪ್ರಯತ್ನ ಮಾಡಿದರು. "ನಂಗೆ ಅನ್ನ ಬೇಯ್ಸೂಕೆ ಬರೂದಿಲ್ಲ."

"ಇನ್ನೂ ಒಂದು ವಾರ ಅದೆಯಲ್ಲ. ಕಲೀರಿ," ಎಂದರು ಗಣಪಿ.

ಗಂಡಸರ ಎರಡು ಟಿಕೆಟನ್ನು ರದ್ದು ಮಾಡಿಸಿ, ಅತ್ತೆ, ಸೊಸೆ, ಮೊಮ್ಮಗಳು ಮೂವರೇ ಹೊರಟರು. ದಾರಿಯಲ್ಲಿ ಗಣಪಿ ಮಾಲಿನಿಯ ತಾಳ್ಮೆಯನ್ನು ಬಹಳವಾಗಿ ಪರೀಕ್ಷಿಸಿದರು. ಗೋವಾದ ವಿಮಾನ ನಿಲ್ದಾಣದಲ್ಲಿ ಅವರ ಕೈಚೀಲದಿಂದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಹೊರಬಿತ್ತು. ಅದನ್ನು ಒಯ್ಯುವಂತಿಲ್ಲ ಎಂದು ತಪಾಸಣೆಯ ಹುಡುಗಿ ಹಿಂದಿಯಲ್ಲಿ ಹೇಳಿದಳು. ಗಣಪಿ ಕೊಂಕಣಿಯಲ್ಲಿ, ಬಿಸಾಡಬೇಡ, ನೀನೇ ಮನೆಗೆ ತೆಗೆದುಕೊಂಡು ಹೋಗು, ಒಣಗಿದ ಚಮಚ ಹಾಕು ಎಂದು ವಿವರಿಸತೊಡಗಿದರು. ಹಿಂದೆ ಸಾಲು ಬೆಳೆಯಿತು. ಬೆಂಗಳೂರಿನಲ್ಲಿ ಕಾಯುವಾಗ ವಿನೋದ ಫೋನು ಮಾಡಿ ಕೊತ್ತಂಬರಿ ಬೀಜ ಯಾವ ಡಬ್ಬಿಯಲ್ಲಿದೆ ಎಂದು ಕೇಳಿದ. ಅದನ್ನು ಹೇಳಿ ಇಟ್ಟರೆ, ಡಬ್ಬಿ ಎಲ್ಲಿದೆ ಎಂದು ಮತ್ತೆ ಮಾಡಿದ. ಮಾಲಿನಿ ಫೋನನ್ನು ಅತ್ತೆಗೆ ಕೊಟ್ಟಳು. ಗಣಪಿ ಅದನ್ನು ಆಫ್ ಮಾಡಿ ಮಡಿಲಲ್ಲಿ ಇಟ್ಟುಕೊಂಡರು.

ಪೋರ್ಟ್ ಬ್ಲೇರ್‌ನಿಂದ ಹಡಗಿನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಬಂದರು. ಊಟಕ್ಕೆ ಕೊಟ್ಟ ಮೀನು ಸಪ್ಪೆ ಎಂದರು ಗಣಪಿ. ಕೋಣೆಯಲ್ಲಿ ಫ್ಯಾನಿನ ಗಾಳಿ ಬಿಸಿ, ಇಲ್ಲಿಯ ತೆಂಗಿನಕಾಯಿ ಚಿಕ್ಕದು, ಹಿಡಿಯ ಕಡ್ಡಿ ಗಟ್ಟಿ ಇಲ್ಲ. ಮಾಲಿನಿ ಮೊದಲ ದಿನ ಉತ್ತರ ಕೊಟ್ಟಳು, ಎರಡನೆಯ ದಿನ ಬಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ನೀಲ್ ದ್ವೀಪಕ್ಕೆ ಹೋಗುವ ಹಡಗು ಇತ್ತು. ಅದಕ್ಕೆ ಮುಂಚೆ ಒಂದು ಗಳಿಗೆ ಎಂದು ಮೂವರೂ ಆಟೋ ಮಾಡಿಕೊಂಡು ಕಡಲ ತೀರಕ್ಕೆ ಬಂದರು. ಗಣಪಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದರು. ಮೊಣಕಾಲಿನವರೆಗೆ ಹೋಗಿ ನಿಂತರು. ಸುತ್ತ ಒಮ್ಮೆ ನೋಡಿದರು. ಆಮೇಲೆ ಸಿಕ್ಕಿಸಿದ ಸೀರೆಯನ್ನು ಬಿಚ್ಚಿಬಿಟ್ಟು, ನೆಲದ ಮೇಲೆ ಕೂರುವಂತೆ ನೀರಿನಲ್ಲಿ ಕೂತರು. ಅಲೆಯಿರಲಿಲ್ಲ. ನೀರು ಅವರ ಎದೆಯವರೆಗೆ ಬಂದು ನಿಂತಿತು. ಸೀರೆ ಸುತ್ತಲೂ ತೇಲಿ ಹರಡಿಕೊಂಡಿತು.

ಮೊದಲು ಅಂಕಿತಾ ನಕ್ಕಳು, ಫೋಟೋ ತೆಗೆದಳು. ಮಾಲಿನಿಯೂ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಗಡಿಯಾರ ನೋಡಿ, "ಏಳಿ ಅತ್ತೆ, ಹೊತ್ತಾತು," ಎಂದಳು. ಗಣಪಿ ಕೈಯೆತ್ತಿ ಬೀಸಿದರು. ಇನ್ನೊಂದು ಸಲ ಕರೆದಾಗಲೂ ಹಾಗೇ ಬೀಸಿದರು. ಆಟೋದವನು ದಾರಿಯ ಮೇಲಿಂದ ಹಾರ್ನ್ ಹೊಡೆಯತೊಡಗಿದ.

"ಅತ್ತೆ, ಹಡಗು ಹೋತದೆ."

"ಹೋಗ್ಲಿ ಬಿಡು."

"ಎಂತ ಹೋಗ್ಲಿ? ಟಿಕೆಟು ಆಗ್ಯದೆ, ಅಲ್ಲಿ ರೂಮು ಆಗ್ಯದೆ. ಬಟ್ಟೆ ಬದಲ್ಸೂಕೆ ಬೇರೆ ಹೊತ್ತು ಬೇಕು. ಏಳಿ."

"ಅಲ್ಲಿ ಎಂತ ಅದೆ?"

"ಅಲ್ಲಿಯೂ ಸಮುದ್ರ ಅದೆ," ಎಂದಳು ಮಾಲಿನಿ. ಹೇಳಿದ ಮೇಲೆ ತನಗೇ ಹೇಗೋ ಆಯಿತು. ಆದರೂ ಬಿಡದೆ, ನಾಲ್ಕು ತಿಂಗಳಿಂದ ಒಳಗಿದ್ದದ್ದನ್ನೆಲ್ಲ ಆ ದಂಡೆಯ ಮೇಲೆ ನಿಂತು ಹೇಳಿದಳು. ಒಂದು ಕೆಲಸ, ಒಂದೇ ಒಂದು ಕೆಲಸ ಅಂದುಕೊಂಡ ಹಾಗೆ ಆಗಲು ಈ ಮನೆಯವರು ಬಿಡುವುದಿಲ್ಲ. ಗಂಡ ಹಾಗೆ, ಮಾವ ಹಾಗೆ, ಭಟ್ಕಳದವರು ಹಾಗೆ, ಈಗ ನೀವು. ಪಕ್ಕದಲ್ಲಿ ಮರಳು ತೋಡುತ್ತಿದ್ದ ಬಂಗಾಳಿ ಮಕ್ಕಳು ಕೈ ನಿಲ್ಲಿಸಿ ನೋಡಿದರು.

ಗಣಪಿ ಎಲ್ಲವನ್ನೂ ಕೇಳಿದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ಬೈದದ್ದು ಆತಾ? ಇನ್ನು ನೀನೂ ಬಾ," ಎಂದರು. "ಬಿಸಿಲಲ್ಲಿ ನಿಂತ್ಕಂಡು ಎಂತ ಮಾಡ್ತಿ."

ಮಾಲಿನಿ ಬಹಳ ಹೊತ್ತು ನಿಂತೇ ಇದ್ದಳು. ಆಟೋದ ಹಾರ್ನ್ ನಿಂತಿತು. ಅವನು ಬೇರೆ ಯಾರನ್ನೋ ಹತ್ತಿಸಿಕೊಂಡು ಹೋಗಿದ್ದ. ಇನ್ನು ಓಡಿದರೂ ಹಡಗು ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಹೆಗಲ ಚೀಲವನ್ನು ಅಂಕಿತಾಳ ಕೈಗೆ ಕೊಟ್ಟು, ಚೂಡಿದಾರದಲ್ಲೇ ನೀರಿಗಿಳಿದು ಅತ್ತೆಯಿಂದ ಒಂದು ಮಾರು ದೂರದಲ್ಲಿ ಕೂತಳು. ಇನ್ನೂ ಸಿಟ್ಟಿದೆ ಎಂದು ಗೊತ್ತಾಗಲಿ ಅಂತ ಮುಖ ಆಚೆ ತಿರುಗಿಸಿಕೊಂಡಳು. ನೀರು ಬೆಚ್ಚಗಿತ್ತು. ಬಿಸಿಲಿಗೆ ಕಾದಿದ್ದ ಬೆನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು.

"ಅಮ್ಮ, ಹರಿಹರ ಮಾವನ ಫೋನು," ಎಂದು ಅಂಕಿತಾ ದಂಡೆಯಿಂದ ಕೂಗಿದಳು. "ನೀಲ್ ದ್ವೀಪಕ್ಕೆ ಮುಟ್ಟಿದ್ರಾ, ರೂಮಿಂದ ಸಮುದ್ರ ಕಾಣ್ತದ್ಯಾ ಅಂತ ಕೇಳ್ತ್ರು."

"ಆಮೇಲೆ ಮಾಡ್ತೆ ಹೇಳು."

ಬಿಸಿಲು ಇಳಿದ ಮೇಲೆ ಮೂವರೂ ರಸ್ತೆಗೆ ಬಂದರು, ಅತ್ತೆ ಸೊಸೆ ನೀರು ಸೋರುವ ಬಟ್ಟೆಯಲ್ಲೇ. ಸಾಮಾನು ಇಟ್ಟು ಬಂದಿದ್ದ ಹಳೆಯ ಹೋಟೆಲಿನಲ್ಲಿ ಅವರ ಕೋಣೆ ಆಗಲೇ ಬೇರೆಯವರಿಗೆ ಹೋಗಿತ್ತು. ಇನ್ನೆರಡು ಕಡೆ ಕೇಳಿದರು, ಇಲ್ಲವೆಂದರು. ಮಾಲಿನಿ ಭಾರದ ಚೀಲ ಎಳೆಯುತ್ತ ಮುಂದೆ ಹೋದಳು. ಹಿಂದಿನಿಂದ ಗಣಪಿ, ಈ ಊರಿನ ರಸ್ತೆಯ ಜಲ್ಲಿ ಬಹಳ ಚೂಪು ಎಂದು ಅಂಕಿತಾಳಿಗೆ ಹೇಳುತ್ತ ಬರುತ್ತಿದ್ದರು. ಚಪ್ಪಲಿಯನ್ನು ದಂಡೆಯಲ್ಲೇ ಮರೆತು ಬಂದದ್ದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಮಾಲಿನಿ ತಿರುಗಿ ಅವರ ಕಾಲು ನೋಡಿದಳು, ಒಂದು ಉಸಿರು ಬಿಟ್ಟಳು, ಚೀಲವನ್ನು ರಸ್ತೆಯ ಬದಿಗಿಟ್ಟು ಮತ್ತೆ ಕಡಲಿನ ಕಡೆಗೆ ನಡೆದಳು.